ಹೆಜ್ಜೇನಿಗೇ ಹೆಚ್ಚು ಗೆರೆ. ಕಾಯಿ ಕಚ್ಚಿಸುವುದೂ ಅದೇನಾ?

ಪ್ರಶ್ನೆ: ಮೂಡಿಗೆರೆ ಸಮೀಪದ ರೊಬಸ್ಟಾ ಕಾಫಿ ತೋಟದಲ್ಲಿ ಯಾವ ಹೂವಿಗೆ ಯಾವ ಕೀಟ ಬರುತ್ತದೆಂದು ಬರೆದುಕೊಂಡು, 20 ಗಿಡಜಾತಿ ಮತ್ತು 12 ಕೀಟಗಳ ಜಾಲವನ್ನು ಕಂಪ್ಯೂಟರಿನಲ್ಲಿ ಬಿಡಿಸಿದ್ದೇನೆ. ಕೀಟವನ್ನು ಅದು ಬಂದ ಹೂವಿಗೆ ಜೋಡಿಸುವ ಗೆರೆಗಳು ಹೆಜ್ಜೇನಿಗೇ ಅತಿ ಹೆಚ್ಚು. ಕಾಫಿ ಕಾಯಿ ಕಚ್ಚುವುದು ಅದರಿಂದಲೇ ಎನ್ನಬಹುದೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಈಗಲೇ ಹಾಗೆನ್ನಬೇಡಿ. ನೀವು ಎಣಿಸಿದ್ದು ಭೇಟಿಗಳನ್ನು, ಪರಾಗಸ್ಪರ್ಶವನ್ನಲ್ಲ. ಶಲಾಕಾಗ್ರ (ಪರಾಗ ಅಂಟಬೇಕಾದ ಹೆಣ್ಣು ಭಾಗದ ತುದಿ) ಮುಟ್ಟದೆ ಮಕರಂದ ಹೀರಿ ಹೋಗುವ ಜೇನೂ ಉಂಟು.

ಮೊದಲು ಲೆಕ್ಕ. ನಿಮ್ಮದು 20 ಗಿಡ, 12 ಕೀಟದ, ಅಂದರೆ 240 ಮನೆಗಳ ಕೋಷ್ಟಕ. ಹೆಜ್ಜೇನಿನ ಸಂಖ್ಯೆಯೇ ದೊಡ್ಡದಿದ್ದರೆ, ಯಾವ ಒಲವೂ ಇಲ್ಲದೆ ಕಂಡಲ್ಲಿ ಕೂತರೂ ಹೆಚ್ಚು ಗೆರೆ ಅದಕ್ಕೇ ಬೀಳುತ್ತದೆ. ಅಡ್ಡಸಾಲು, ಕಂಬಸಾಲುಗಳ ಮೊತ್ತ ಕದಲಿಸದೆ ಭೇಟಿಗಳನ್ನು ಕಲಸಿ 1000 ಹುಸಿ ಜಾಲ ಮಾಡಿ. ಅಂಕಿಅಂಶ ಲೆಕ್ಕದ ಕಂಪ್ಯೂಟರ್ ಭಾಷೆ ‘ಆರ್’ನ ಬೈಪಾರ್ಟೈಟ್ ಪ್ಯಾಕೇಜಿನಲ್ಲಿ ಇದಕ್ಕೆ ಸೌಕರ್ಯವಿದೆ. ಅವುಗಳಲ್ಲೂ ಹೆಜ್ಜೇನಿಗೆ ಅಷ್ಟೇ ಗೆರೆ ಬಂದರೆ, ನಿಮ್ಮ ಚಿತ್ರ ತೋರಿಸುತ್ತಿರುವುದು ಅದರ ಹಿಂಡನ್ನಷ್ಟೇ. ಪ್ರತಿ ಗಿಡಕ್ಕೂ ಒಂದೇ ಅವಧಿ, ಹತ್ತು ನಿಮಿಷವಾದರೆ ಹತ್ತೇ ನಿಮಿಷ, ನೋಡಿದ್ದೀರಾ ಎಂಬುದನ್ನೂ ಪರಿಶೀಲಿಸಿ. ಮುಜಂಟಿಯಂಥ ಚಿಕ್ಕ ಜೇನು ಕಣ್ತಪ್ಪುವುದು ಸುಲಭ. ಖಾಲಿ ಮನೆಯೆಂದರೆ ‘ಬರಲೇ ಇಲ್ಲ’ ಎಂದಲ್ಲ.

ಉಳಿದದ್ದು ತೋಟದಲ್ಲೇ ಆಗಬೇಕು. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಆದ ಮೇಲೆ, ಮೊಗ್ಗು ಒಡೆಯುವ ಮುನ್ನ, ಒಂದೊಂದು ಗಿಡದಲ್ಲಿ ಮೂರು ರೆಂಬೆ ಆರಿಸಿ. ಒಂದು ಬಯಲಿಗೆ ಬಿಟ್ಟದ್ದು, ಒಂದಕ್ಕೆ 1 ಮಿ.ಮೀ. ಕಣ್ಣಿನ ಬಲೆಚೀಲ, ಇನ್ನೊಂದಕ್ಕೆ ಬಟರ್ ಪೇಪರ್ ಚೀಲ. ಬಲೆಯೊಂದೇ ಸಾಲದು, ಏಕೆಂದರೆ ರೊಬಸ್ಟಾ ಪರಾಗ ಗಾಳಿಯಲ್ಲೂ ಬರುತ್ತದೆ; ಬಲೆ ಕೀಟವನ್ನು ತಡೆದು ಗಾಳಿಯನ್ನು ಬಿಡುತ್ತದೆ, ಕಾಗದ ಎರಡನ್ನೂ ತಡೆಯುತ್ತದೆ. ಬಲೆ ಗಾಳಿಯನ್ನೂ ಒಂದಿಷ್ಟು ತಡೆಯುವುದರಿಂದ ಗಾಳಿಯ ಪಾಲು ಸ್ವಲ್ಪ ಕಡಿಮೆಯೇ ಕಂಡೀತು. ಮಿಡಿ ನಿಂತ ಮೇಲೆ ನೂರು ಹೂವಿಗೆ ಎಷ್ಟು ಕಚ್ಚಿತೆಂದು ಎಣಿಸಿ. ಹೂ ಉದುರಿದೊಡನೆ ಚೀಲ ತೆಗೆಯಿರಿ. ಮಳೆ ಬಂದರೆ ಒಳಗೆ ಕೊಳೆಯುತ್ತದೆ. ರೊಬಸ್ಟಾಗೆ ತನ್ನದೇ ಪರಾಗ ಒಗ್ಗದು, ಬೇರೆ ಕ್ಲೋನಿನ ಗಿಡದ್ದೇ ಬೇಕು. ಸುತ್ತಲೂ ಒಂದೇ ಕ್ಲೋನ್ (ಒಂದೇ ಗಿಡದಿಂದ ಬೆಳೆಸಿದ ಪಡಿಯಚ್ಚು ಗಿಡಗಳು) ನೆಟ್ಟ ಪಟ್ಟೆಯಲ್ಲಿ ಜೇನು ಎಷ್ಟು ಹಾರಾಡಿದರೂ ಕಾಯಿ ಕಡಿಮೆ. ಆ ತಪ್ಪನ್ನು ಹೆಜ್ಜೇನಿನ ತಲೆಗೆ ಕಟ್ಟಬೇಡಿ.

ಈ ಮೂರು ರೆಂಬೆಗಳ ಹೋಲಿಕೆಯಿಂದ ಎಲ್ಲ ಕೀಟಗಳ ಒಟ್ಟು ಪಾಲು ಸಿಗುತ್ತದೆ, ಹೆಜ್ಜೇನಿನದಲ್ಲ. ಅದಕ್ಕೆ ಚೀಲದೊಳಗೆ ಅರಳಿದ ಹೂವನ್ನು ಬಿಚ್ಚಿ, ಒಂದೇ ಹೆಜ್ಜೇನು ಕೂತೆದ್ದೊಡನೆ ಮತ್ತೆ ಮುಚ್ಚಿ, ಹೂವಿಗೆ ಬಣ್ಣದ ದಾರ ಕಟ್ಟಿ. ತುಡುವೆ ಜೇನಿಗೂ ಮುಜಂಟಿಗೂ ಹೀಗೇ. ತಾಳ್ಮೆ ಬೇಡುವ ಕೆಲಸ, ಆದರೆ ನಿಮ್ಮ ಪ್ರಶ್ನೆಯ ಜೀವಾಳ ಇಲ್ಲೇ ಇದೆ. ಮಾತಿಗೆ, ಹೆಜ್ಜೇನಿನ 100 ಭೇಟಿಗೆ 10 ಕಾಯಿ, ತುಡುವೆಯ 50 ಭೇಟಿಗೆ 15 ಕಾಯಿ ಎಂದುಕೊಳ್ಳಿ. ಭೇಟಿಯ ಲೆಕ್ಕದಲ್ಲಿ ಹೆಜ್ಜೇನಿನ ಗೆರೆ ದಪ್ಪ, ಕಾಯಿಯ ಲೆಕ್ಕದಲ್ಲಿ ತುಡುವೆಯದು. ಭೇಟಿಯ ಬದಲು ಈ ಕಾಯಿಗಳ ಸಂಖ್ಯೆಯನ್ನು ಕೋಷ್ಟಕದ ಕಾಫಿ ಸಾಲಿಗೆ ತುಂಬಿ, ಜಾಲವನ್ನು ಮತ್ತೆ ಬಿಡಿಸಿ.