ಲೇತ್ ಮೇಜು ಸಮೇತ ನಡೆಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಿವೃತ್ತಿಯಾದ ಮೇಲೆ ಮನೆ ಹಿಂದಿನ ಹಂಚಿನ ಶೆಡ್ಡಿನಲ್ಲಿ ಮರ ಕಡೆಯುವ ಸಣ್ಣ ಲೇತ್ ಇಟ್ಟಿದ್ದೇನೆ. ಲಟ್ಟಣಿಗೆ, ಕುರ್ಚಿ ಕಾಲು ಕಡೆಯುವಾಗ ತೊಂದರೆ ಇಲ್ಲ. 8 ಇಂಚಿನ ಹಲಸಿನ ತುಂಡು ಸಿಕ್ಕಿಸಿ ಬಟ್ಟಲು ಮಾಡಲು ಹೊರಟರೆ ಮೇಜು ಸಮೇತ ನಡೆಯಲು ಶುರು. ಒಬ್ಬರು ನೆಲಕ್ಕೆ ಬೋಲ್ಟ್ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಮರಳು ಮೂಟೆ ಇಡಿ ಅಂತ, ಮತ್ತೊಬ್ಬರು ಕಾಲಡಿ ರಬ್ಬರ್ ಹಾಕಿ ಅಂತ. ಯಾವುದು ಸರಿ?
- ಓದುಗರು, ಕಟಪಾಡಿ

ಉತ್ತರ: ಮೂವರ ಮಾತನ್ನೂ ಸ್ವಲ್ಪ ಬದಿಗಿಡಿ ಮಾರಾಯ್ರೆ. ಲಟ್ಟಣಿಗೆಗೆ ಅಲುಗದ ಲೇತ್ ಬಟ್ಟಲಿಗೆ ಅಲುಗುತ್ತದೆ ಅಂದರೆ ಮೊದಲ ಅನುಮಾನ ಆ ಹಲಸಿನ ತುಂಡಿನ ಮೇಲೆಯೇ.

ಖಚಿತ ಮಾಡಿಕೊಳ್ಳಲು ಮರ ಏನೂ ಸಿಕ್ಕಿಸದೆ ಲೇತ್ ಓಡಿಸಿ, ಬೆಡ್ಡಿನ (ಲೇತಿನ ಹಳಿಯಂಥ ಉದ್ದನೆ ಹಾಸಿನ) ಮೇಲೆ ಕೈ ಇಟ್ಟು ನೋಡಿ, ಒಂದೊಂದೇ ವೇಗಕ್ಕೆ ಏರಿಸಿ. ಖಾಲಿ ಇದ್ದಾಗಲೂ ಗುರ್ ಅಂತ ನಡುಗಿದರೆ ಬೆಲ್ಟ್, ಪುಲ್ಲಿ ಅಥವಾ ಬೇರಿಂಗ್ ನೋಡಬೇಕು. ತುಂಬ ದಿನ ಸುಮ್ನೆ ಬಿಗಿದಿಟ್ಟ ಬೆಲ್ಟು ಪುಲ್ಲಿಯ ಆಕಾರಕ್ಕೇ ಗಟ್ಟಿಯಾಗಿ ಕೂತುಬಿಡುತ್ತದೆ, ಆಗ ಓಡುವಾಗ ಟಕ್ ಟಕ್ ಅನ್ನುತ್ತದೆ. ಖಾಲಿ ಇದ್ದಾಗ ತಣ್ಣಗೆ ಓಡಿದರೆ ಲೇತ್ ಚೆನ್ನಾಗಿದೆ ಅಂತಲೇ ಲೆಕ್ಕ.

ಇನ್ನು ಹಲಸು. ಅದರ ಹಳದಿ ತಿರುಳು ಭಾರ, ಹೊರಗಿನ ಬಿಳಿ ಭಾಗ ಹಗುರ. ಎರಡೂ ಒಂದೇ ತುಂಡಿನಲ್ಲಿ ಬಂದರೆ, ಅದರಲ್ಲೂ ಮಳೆಗಾಲದಲ್ಲಿ ಕಡಿದ ಹಸಿ ಮರವಾದರೆ, ಗೀಟು ಹಾಕಿ ಹಿಡಿದ ನಡುವು ಬೇರೆ, ತೂಕದ ನಡುವು ಬೇರೆ. ನೋಡಲು ದುಂಡಗಿದ್ದರೂ ಒಂದು ಕಡೆ ಜಗ್ಗುತ್ತದೆ. ವೇಗ ಎರಡು ಪಟ್ಟು ಮಾಡಿದರೆ ಈ ಜಗ್ಗಾಟ ನಾಲ್ಕು ಪಟ್ಟು ಆಗುತ್ತದೆ, ಇದನ್ನು ಯಾವ ಮರಳು ಮೂಟೆಯೂ ಪೂರ್ತಿ ತಡೆಯುವುದಿಲ್ಲ. ಹಾಗಾಗಿ ಮೂಲೆಗಳನ್ನು ಗರಗಸದಲ್ಲಿ ಹಾರಿಸಿ ಆದಷ್ಟು ದುಂಡಗೆ ಮಾಡಿಕೊಂಡೇ ಸಿಕ್ಕಿಸಿ. ಟೇಲ್‌ಸ್ಟಾಕ್ (ತುಂಡನ್ನು ಇನ್ನೊಂದು ತುದಿಯಿಂದ ಒತ್ತಿ ಹಿಡಿಯುವ ಭಾಗ) ಒತ್ತಿಕೊಂಡೇ ಇರಲಿ, ಒಳಗೆ ತೋಡುವ ಹೊತ್ತು ಬರುವ ತನಕ ತೆಗೆಯಬೇಡಿ.

ವೇಗಕ್ಕೆ ಮರ ಕಡೆಯುವವರು ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ: ಇಂಚಿನಲ್ಲಿ ತುಂಡಿನ ಅಗಲವನ್ನು ನಿಮಿಷದ ಸುತ್ತುಗಳಿಂದ ಗುಣಿಸಿದರೆ 6000ದಿಂದ 9000ದ ಒಳಗೆ ಬರಬೇಕು. ನಿಮ್ಮ 8 ಇಂಚಿಗೆ ಅದು ಸುಮಾರು 750ರಿಂದ 1100 ಸುತ್ತು. ಅದೂ ದುಂಡಗಾದ ಮೇಲೆ! ಒರಟು ತುಂಡಿಗೆ 400-500ರಿಂದ ಶುರು ಮಾಡಿ, ಅಲುಗಾಟ ಶುರುವಾಗುವ ವೇಗಕ್ಕಿಂತ ಸ್ವಲ್ಪ ಕೆಳಗೇ ನಿಲ್ಲಿಸಿ, ಕಡೆದು ದುಂಡಗಾದಂತೆಲ್ಲ ಏರಿಸುತ್ತಾ ಹೋಗಿ. ಲಟ್ಟಣಿಗೆ ಕಡೆದ ವೇಗ ಬದಲಿಸದೆ ಬಟ್ಟಲಿಗೆ ಸ್ವಿಚ್ ಹಾಕಿದ್ದೀರಿ ಅಂತ ನನ್ನ ಗುಮಾನಿ, ಅಲ್ವಾ?

ಇಷ್ಟಾದ ಮೇಲೂ ನಡೆದರೆ ಮೇಜು. ಮೂರು ಕಾಲಿನದು ಎಲ್ಲಿಟ್ಟರೂ ಕೂರುತ್ತದೆ, ನಾಲ್ಕು ಕಾಲಿನದು ಕೂರುವುದಿಲ್ಲ. ನಮ್ಮ ಹಳೆ ಶೆಡ್ಡುಗಳ ಕಾವಿ ನೆಲ ಕಣ್ಣಿಗೆ ಸಪಾಟು, ಕಾಲಿಗೆ ಅಲ್ಲ. ಪ್ರತಿ ಕಾಲಡಿ ಒಂದು ಕಾಗದ ತೂರಿಸಿ ನೋಡಿ, ಸಲೀಸಾಗಿ ಒಳಗೆ ಹೋದ ಕಾಲಿಗೆ ತಗಡು ಅಥವಾ ಗಟ್ಟಿ ಮರದ ಬೆಣೆ ಕೊಡಿ. ಲೇತಿನ ಬುಡಕ್ಕೂ ಇದೇ ಪರೀಕ್ಷೆ. ಡೊಂಕು ಮೇಜಿಗೆ ಲೇತನ್ನು ಬೋಲ್ಟ್ ಹಾಕಿ ಬಿಗಿದರೆ ಬೆಡ್ಡೇ ತಿರುಚಿಕೊಳ್ಳುತ್ತದೆ. ಹೆಡ್‌ಸ್ಟಾಕಿನ (ಮರವನ್ನು ತಿರುಗಿಸುವ ಕಡೆಯ ಭಾಗದ) ಮೊನೆ, ಟೇಲ್‌ಸ್ಟಾಕಿನ ಮೊನೆ ಎರಡನ್ನೂ ಹತ್ತಿರ ತಂದು ನೋಡಿ. ಬೋಲ್ಟ್ ಸಡಿಲ ಇದ್ದಾಗ ಮುಖಾಮುಖಿ ಇದ್ದು ಬಿಗಿದಾಗ ಪಕ್ಕಕ್ಕೆ ಸರಿದರೆ ಒಂದು ಮೂಲೆಯ ಅಡಿಗೆ ತಗಡಿನ ಪ್ಯಾಕಿಂಗ್ ಬೇಕು ಅಂತ ಅರ್ಥ. ಮೇಜಿನ ಮೇಲ್ಭಾಗ ಹಿಡಿದು ತಳ್ಳಿದರೆ ಓಲಾಡುತ್ತದೋ? ಕಾಲುಗಳ ನಡುವೆ ಓರೆಯಾಗಿ ಪಟ್ಟಿ ಹೊಡೆಯಿರಿ, ಅಥವಾ ಹಿಂದೆ ಮತ್ತು ಎರಡು ಬದಿಗೆ ಪ್ಲೈವುಡ್ ಬಿಗಿಯಿರಿ.

ತೂಕದ ಪಾಳಿ ಆಮೇಲೆ. ಮೇಜಿನ ಕೆಳಗೆ, ನೆಲಕ್ಕೆ ಆದಷ್ಟು ಹತ್ತಿರ ಪೆಟ್ಟಿಗೆ ಮಾಡಿ ಮರಳು ತುಂಬಿ. ಒಂದು ಘನ ಅಡಿ ಒಣ ಮರಳು ಹತ್ತಿರ ಹತ್ತಿರ 45 ಕೆ.ಜಿ., ಮೂರು ಘನ ಅಡಿ ತುಂಬಿದರೆ 135. ಒಣ ಮರಳು ಅಂತ ಒತ್ತಿ ಹೇಳುತ್ತೇನೆ. ನಾನು ಮೊದಲ ಸಲ ಅವಸರದಲ್ಲಿ ಹೊಳೆ ಮರಳನ್ನು ಹಸಿಯಾಗಿಯೇ ಸುರಿದುಬಿಟ್ಟೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪೆಟ್ಟಿಗೆಯ ತಳ ಕೊಳೆತು, ಕಬ್ಬಿಣದ ಕಾಲು ತುಕ್ಕು ಹಿಡಿದು, ಕೊನೆಗೆ ಎಲ್ಲ ಗೋರಿ ಹೊರಗೆ ಹಾಕಿದ್ದು ನಾನೇ. ಸಮುದ್ರದ ಮರಳಂತೂ ಬೇಡವೇ ಬೇಡ, ಅದರಲ್ಲಿ ಉಪ್ಪುಂಟು.

ನೆಲಕ್ಕೆ ಬೋಲ್ಟ್? ಕೆಳಗೆ ಗಟ್ಟಿ ಕಾಂಕ್ರೀಟ್ ಇದ್ದರೆ ಒಳ್ಳೆಯದು. ಮಣ್ಣು ತುಂಬಿಸಿ ಮೇಲೆ ತೆಳುವಾಗಿ ಸಾರಿಸಿದ ನೆಲವಾದರೆ ಬೋಲ್ಟ್ ನಾಲ್ಕು ದಿನಕ್ಕೆ ಸಡಿಲ, ನೆಲವೂ ಒಡೆಯುತ್ತದೆ. ಮೆತ್ತನೆ ರಬ್ಬರ್ ಹಾಕಿದರೆ ಲೇತ್ ದೋಣಿಯ ಹಾಗೆ ತೂಗುತ್ತದೆ. ಜಾರುವ ಟೈಲ್ಸ್ ಇದ್ದರೆ ಮಾತ್ರ ತೆಳು, ಗಟ್ಟಿ ರಬ್ಬರ್ ಸಾಕು.

ಪ್ರಶ್ನೆ: ಲೇತ್ ಎಷ್ಟು ಎತ್ತರದಲ್ಲಿರಬೇಕು? ಅರ್ಧ ಗಂಟೆ ನಿಂತರೆ ಸೊಂಟ ಹಿಡಿಯುತ್ತದೆ. ಮೇಜು ನಮ್ಮ ಅಣ್ಣನ ಎತ್ತರಕ್ಕೆ ಮಾಡಿಸಿದ್ದು.
- ಓದುಗರು, ಸುರತ್ಕಲ್

ಉತ್ತರ: ಸ್ಪಿಂಡಲ್ಲಿನ (ಮರ ಹಿಡಿದು ತಿರುಗುವ ದಂಡದ) ನಡುಗೆರೆ ನಿಮ್ಮ ಮೊಣಕೈ ಎತ್ತರಕ್ಕೆ ಬರಬೇಕು, ಅಣ್ಣನ ಮೊಣಕೈಗಲ್ಲ. ಕೆಲಸಕ್ಕೆ ಹಾಕುವ ಚಪ್ಪಲಿಯನ್ನೇ ಹಾಕಿ ಅಳೆಯಿರಿ. ಅಣ್ಣ ನಿಮಗಿಂತ ಎತ್ತರ ಇದ್ದರೆ ಮೇಜು ಕೊಯ್ಯಲು ಹೋಗಬೇಡಿ, ನೀವು ನಿಲ್ಲುವ ಜಾಗಕ್ಕೆ ಅಗಲವಾದ ಹಲಗೆ ಹಾಸಿ. ಅಗಲ ಕಮ್ಮಿಯಾದರೆ ಹಿಂದೆ ಸರಿಯುವಾಗ ಕಾಲು ತಪ್ಪುತ್ತದೆ. ಗಿಡ್ಡ ಇದ್ದರೆ ಮೇಜಿನ ಕಾಲಡಿ ಗಟ್ಟಿ ಮರದ ಕಟ್ಟೆ ಕೊಟ್ಟು ಬೋಲ್ಟ್ ಹಾಕಿ. ಶಾಲು, ದುಪಟ್ಟಾ ಹೊರಗೆ ತೂಗುಹಾಕಿಯೇ ಬನ್ನಿ. ಗಂಡಸರ ಪಂಚೆಗೂ ಇದೇ ಮಾತು.

ಪ್ರಶ್ನೆ: ಗುಡುಗು ಬಂದಾಗ ಕರೆಂಟ್ ಹೋಗಿ ಬರುತ್ತಿರುತ್ತದೆ. ಮೋಟಾರಿಗೆ ತೊಂದರೆಯೇ?
- ಓದುಗರು, ಮೂಡುಬಿದಿರೆ

ಉತ್ತರ: ಮೋಟಾರಿಗಿಂತ ನಿಮಗೆ ತೊಂದರೆ. ಕರೆಂಟ್ ಹೋದಾಗ ಸ್ವಿಚ್ ಆಫ್ ಮಾಡಲು ಮರೆತು, ಉಳಿ ಕೆಳಗಿಟ್ಟು ತುಂಡಿನ ಮೇಲೆ ಕೈ ಸವರುತ್ತಿರುವಾಗ ಕರೆಂಟ್ ಬಂದರೆ? ಕರೆಂಟ್ ಬಂದರೂ ತಾನಾಗಿ ಶುರುವಾಗದ, ಹಸಿರು ಬಟನ್ ಮತ್ತೆ ಒತ್ತಲೇಬೇಕಾದ ಸ್ಟಾರ್ಟರ್ ಸ್ವಿಚ್ ಸಿಗುತ್ತದೆ. ಅದನ್ನು ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸಿ, ಹಾಗೇ ಅರ್ಥಿಂಗ್ ಕೂಡ ನೋಡಿಸಿ. ಸಿಡಿಲಿನ ಹೊತ್ತಿಗೆ ಪ್ಲಗ್ಗನ್ನೇ ಕಿತ್ತಿಡಿ.