ಗ್ರೀಸ್ ಟ್ರ್ಯಾಪ್ ಇದ್ದರೂ ಚರಂಡಿ ಉಕ್ಕುವುದೇಕೆ?
ಹೋಟೆಲುಗಳಲ್ಲೆಲ್ಲ ಗ್ರೀಸ್ ಟ್ರ್ಯಾಪ್ (ಅಡುಗೆಮನೆಯ ನೀರಿನಲ್ಲಿನ ಜಿಡ್ಡು ಚರಂಡಿಗೆ ಹೋಗದಂತೆ ಹಿಡಿದಿಡುವ ತೊಟ್ಟಿ) ಇದ್ದರೂ ಮ್ಯಾನ್‌ಹೋಲ್ ಯಾಕೆ ಉಕ್ಕುತ್ತದೆ, ದಂಡ ಏರಿಸಿದರೆ ನಿಲ್ಲುತ್ತದಾ ಅಂತ ಕೇಳಿದ್ದೀರಿ. ದಂಡದ ಮಾತು ಆಮೇಲೆ, ಮೊದಲು ಟ್ರ್ಯಾಪಿನ ಮುಚ್ಚಳ ತೆಗೆಸಿ. ಒಳಗೆ ಕೋಲು ಇಳಿಸಿ ಅಳೆದಾಗ ಮೇಲೆ ತೇಲುವ ಜಿಡ್ಡು, ತಳದ ಗಸಿ ಎರಡೂ ಸೇರಿ ಒಟ್ಟು ಆಳದ ಶೇ 25 ದಾಟಿದ್ದರೆ ಅದು ಹೆಸರಿಗಷ್ಟೇ ಟ್ರ್ಯಾಪ್. ಜಿಡ್ಡು ತಡೆಯಿಲ್ಲದೆ ಪೈಪಿಗೆ ಇಳಿಯುತ್ತಿರುತ್ತದೆ. ಬಿಸಿನೀರು, ಸೋಪು ಹಾಕಿ ಕರಗಿಸಿದ್ದೇವೆ ಅನ್ನುವವರನ್ನು ನಂಬಬೇಡಿ. ಸ್ವಲ್ಪ ಮುಂದೆ ಹೋಗಿ ತಣ್ಣಗಾದ ಮೇಲೆ ಅದೇ ಕೊಬ್ಬು ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಿನಂತೆ ಗಟ್ಟಿಯಾಗುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಸಿಕ್ಕ ಅಂಥ ಗಡ್ಡೆ ಸುಮಾರು 250 ಮೀಟರ್ ಉದ್ದ, 130 ಟನ್ ತೂಕ! (ಅದರಲ್ಲಿ ವೆಟ್ ವೈಪ್ಸ್ ಪಾಲೂ ಇತ್ತೆನ್ನಿ.)

ತಪಾಸಣೆಗೆ ಹೇಳದೆ ಕೇಳದೆ ಹೋಗಬೇಕು. ಜಿಡ್ಡು ಸಾಗಿಸಿದವರ ರಸೀದಿ ತೋರಿಸಲು ಹೇಳಿ: ತಾರೀಕು, ಪ್ರಮಾಣ, ಎಲ್ಲಿಗೆ ಒಯ್ದರು. ಈ ಕೊನೆಯದನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ಟ್ಯಾಂಕರಿನವರು ಮುಂದಿನ ಬೀದಿಯ ಮ್ಯಾನ್‌ಹೋಲಿಗೇ ಸುರಿದರೂ ಗೊತ್ತಾಗುವುದಿಲ್ಲ. ಕರಿದ ಎಣ್ಣೆಗೆ ಬೇರೆ ಡಬ್ಬಿ ಇದೆಯಾ ನೋಡಿ. ತಪ್ಪು ಕಂಡರೆ ಹೋಟೆಲಿನವರಿಗೆ ಮೊದಲ ಸಲ ನೋಟಿಸ್ ಸಾಕು. ಮತ್ತೆ ಅದೇ ಹಾಡಾದರೆ ದಂಡದ ಜೊತೆ ಪೈಪ್ ಶುಚಿ ಮಾಡಿಸಿದ ಖರ್ಚನ್ನೂ ಅವರಿಂದಲೇ ವಸೂಲಿ ಮಾಡಿ.