ವರದಿ ನಾರ್ಮಲ್, ಆದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದೇಕೆ?

ಶಿವಮೊಗ್ಗದ ಓದುಗರೊಬ್ಬರ ಪತ್ರದ ಸಾರ: ‘ಮಗ ಬ್ಯಾಂಕಾಕ್‌ನಲ್ಲಿ ಕೆಲಸದಲ್ಲಿದ್ದಾನೆ. ಸೊಸೆ ಥಾಯ್ ಹುಡುಗಿ. ಸಿಸೇರಿಯನ್ ಆದ ಮೂರನೇ ವಾರಕ್ಕೆ ಎಡಗಾಲು ಬಾತುಕೊಂಡಿತು. ಒಳಗಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ ಎಂದರು. ಮಗ ಖಾಸಗಿಯಾಗಿ ಜೀನ್ ಪರೀಕ್ಷೆ ಮಾಡಿಸಿದ. ಫ್ಯಾಕ್ಟರ್ ಫೈವ್ ಲೈಡನ್ ಇಲ್ಲ, ಪ್ರೋಥ್ರಾಂಬಿನ್ ದೋಷವೂ ಇಲ್ಲ, ಎಲ್ಲ ನಾರ್ಮಲ್ ಎಂದು ಬಂತು. ಏಷ್ಯಾದವರಿಗೆ ಈ ಕಾಯಿಲೆ ಬರುವುದಿಲ್ಲವಂತೆ; ಮತ್ತೆ ಇವಳಿಗೆ ಬಂದದ್ದು ಹೇಗೆ? ಹೃದಯದ ಕವಾಟ ಬದಲಿಸಿಕೊಂಡಿರುವ ನನ್ನ ಹೆಂಡತಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯನ್ನು ದಿನಕ್ಕೆ 6 ಮಿ.ಗ್ರಾಂ ತೆಗೆದುಕೊಳ್ಳುತ್ತಾಳೆ. ಸೊಸೆಗೆ ಬರೀ 3 ಕೊಟ್ಟಿದ್ದಾರೆ, ಸಾಲುತ್ತದೆಯೇ? ಮೊಮ್ಮಗುವಿಗೂ ಪರೀಕ್ಷೆ ಬೇಕೇ?’

ಮಾನ್ಯರೇ,

ನಿಮ್ಮ ಮಗನ ಕೈಯಲ್ಲಿರುವ ವರದಿ ಸುಳ್ಳಲ್ಲ. ಆದರೆ ಅದು ಹುಡುಕಿದ್ದು ಯುರೋಪಿನವರ ರಕ್ತದಲ್ಲಿ ಸಾಮಾನ್ಯವಾಗಿ ಸಿಗುವ ಎರಡು ಬದಲಾವಣೆಗಳನ್ನು. ಥಾಯ್ ಹೆಣ್ಣುಮಗಳೊಬ್ಬಳ ರಕ್ತದಲ್ಲಿ ಅವು ಸಿಕ್ಕಿದ್ದರೇ ಆಶ್ಚರ್ಯಪಡಬೇಕಿತ್ತು.

1993ರಲ್ಲಿ ಸ್ವೀಡನ್ನಿನ ಬ್ಯೋರ್ನ್ ಡಾಲ್‌ಬೆಕ್ ಮತ್ತು ಸಂಗಡಿಗರು, ಕೆಲವು ರೋಗಿಗಳ ರಕ್ತ ಪ್ರೋಟೀನ್ ಸಿ ಎಂಬ ಹೆಪ್ಪುನಿರೋಧಕಕ್ಕೆ ಜಗ್ಗುವುದಿಲ್ಲ ಎಂದು ತೋರಿಸಿದರು. ಮರುವರ್ಷ ನೆದರ್‌ಲೆಂಡ್ಸಿನ ಲೈಡನ್ ಊರಿನ ಸಂಶೋಧಕರು ಅದರ ಮೂಲವನ್ನು, ಹೆಪ್ಪುಗಟ್ಟಲು ನೆರವಾಗುವ ಫ್ಯಾಕ್ಟರ್ ಫೈವ್ ಎಂಬ ಪ್ರೋಟೀನಿನ ಜೀನಿನಲ್ಲಿ ಪತ್ತೆಮಾಡಿದರು. ಹೆಪ್ಪುಗಟ್ಟಿಸುವ ಇನ್ನೊಂದು ಪ್ರೋಟೀನಾದ ಪ್ರೋಥ್ರಾಂಬಿನ್ ಜೀನಿನ ಬದಲಾವಣೆ 1996ರಲ್ಲಿ ಸಿಕ್ಕಿದ್ದೂ ಅದೇ ಊರಿನಲ್ಲಿ. ಯುರೋಪ್ ಮೂಲದ ನೂರು ಜನರಲ್ಲಿ ಸುಮಾರು ಐವರಲ್ಲಿ ಮೊದಲನೆಯದು, ಇಬ್ಬರಲ್ಲಿ ಎರಡನೆಯದು ಇರುತ್ತದೆ. ಲೈಡನ್ ಬದಲಾವಣೆ ಹುಟ್ಟಿದ್ದು ಇಪ್ಪತ್ತು ಸಾವಿರ ವರ್ಷಗಳಿಗೂ ಹಿಂದೆ, ಯುರೋಪಿನವರ ಮತ್ತು ಪೂರ್ವ ಏಷ್ಯಾದವರ ಪೂರ್ವಜರು ಬೇರೆಬೇರೆಯಾದ ಮೇಲೆ ಎಂಬುದು ತಳಿವಿಜ್ಞಾನಿಗಳ ಅಂದಾಜು. ಹಾಗಾಗಿ ಅದು ಆ ಕಡೆ ಹೋಗಲೇ ಇಲ್ಲ. ಥಾಯ್ ವೈದ್ಯರು ತಮ್ಮ ಜನರಲ್ಲಿ ಹುಡುಕಿದಾಗ ಎರಡೂ ಇಲ್ಲವೆನ್ನುವಷ್ಟು ಅಪರೂಪವಾಗಿದ್ದವು.

ತೊಡಕು ಶುರುವಾಗುವುದು ಇಲ್ಲಿಂದಲೇ. ಕಾಲಿನ ಹೆಪ್ಪು ಏಷ್ಯಾದಲ್ಲಿ ಯುರೋಪಿಗಿಂತ ಕಡಿಮೆ ದಾಖಲಾಗುತ್ತದೆ ನಿಜ. ‘ಲೈಡನ್ ಇಲ್ಲ’ ಎಂಬುದೂ ಅದಕ್ಕೆ ಸೇರಿಕೊಂಡು, ‘ನಮ್ಮವರಿಗೆ ಇದು ಬರುವುದೇ ಇಲ್ಲ’ ಎಂಬ ಮಾತು ಹಬ್ಬಿಬಿಟ್ಟಿತು. ಬಾತ ಕಾಲನ್ನು ಉಳುಕು ಎಂದೋ ವಾಯು ಎಂದೋ ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರುವುದಕ್ಕೆ ಈ ನಂಬಿಕೆಯೂ ಕಾರಣ. ಅಲ್ಲಿಂದ ಒಂದು ತುಣುಕು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ.

ಗಾಯವಾದಾಗ ರಕ್ತ ಹೆಪ್ಪುಗಟ್ಟಬೇಕು, ಕೆಲಸ ಮುಗಿದ ಮೇಲೆ ನಿಲ್ಲಲೂ ಬೇಕು. ನಿಲ್ಲಿಸುವ ಕೆಲಸ ಮುಖ್ಯವಾಗಿ ಪ್ರೋಟೀನ್ ಸಿ, ಅದರ ಜೊತೆಗಾರ ಪ್ರೋಟೀನ್ ಎಸ್ ಮತ್ತು ಆಂಟಿಥ್ರಾಂಬಿನ್‌ಗಳದ್ದು. ನೀವು ಆಗುಂಬೆ ಘಾಟಿ ಕಂಡವರು. ಇಳಿಯುವ ಬಸ್ಸು ನಿಲ್ಲದಿರಲು ಡ್ರಮ್ಮಿನ ಮೈ ನುಣುಪಾಗಿ ಬ್ರೇಕ್ ಕಚ್ಚದಿರಬಹುದು, ಇಲ್ಲವೇ ಲೈನರೇ ಸವೆದಿರಬಹುದು. ಲೈಡನ್ ಮೊದಲ ಬಗೆಯದು: ಪ್ರೋಟೀನ್ ಸಿ ಸರಿಯಾಗಿದ್ದರೂ ಫ್ಯಾಕ್ಟರ್ ಫೈವ್ ಅದಕ್ಕೆ ಸಿಗುವುದಿಲ್ಲ. ಪೂರ್ವ ಏಷ್ಯಾದಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯದು. ಜಪಾನಿನಲ್ಲಿ ಪ್ರೋಟೀನ್ ಎಸ್‌ನ ಒಂದು ಬದಲಾವಣೆಗೆ ಟೊಕುಶಿಮಾ ಎಂಬ ಊರಿನ ಹೆಸರೇ ಇದೆ. ಚೀನಾದ ಹಾನ್ ಜನರಲ್ಲಿ ಪ್ರೋಟೀನ್ ಸಿ ಜೀನಿನ ಎರಡು ಬದಲಾವಣೆಗಳು ಪದೇಪದೇ ಸಿಗುತ್ತವೆ. ಅವುಗಳಲ್ಲಿ ಒಂದು, ಅಂದರೆ ಪ್ರೋಟೀನಿನಲ್ಲಿ ಆರ್ಜಿನಿನ್ ಎಂಬ ಅಮೈನೋ ಆಮ್ಲ ಇರಬೇಕಾದ ಕಡೆ ಟ್ರಿಪ್ಟೋಫ್ಯಾನ್ ಎಂಬ ಬೇರೊಂದು ಬಂದು ಕೂತದ್ದು, ಥಾಯ್ ಮಕ್ಕಳಲ್ಲೂ ಹೆಪ್ಪಿನ ಅಪಾಯ ಹೆಚ್ಚಿಸುತ್ತದೆ ಎಂಬುದನ್ನು ಅಲ್ಲಿನ ಮಕ್ಕಳ ರಕ್ತರೋಗ ತಜ್ಞರು ತೋರಿಸಿಕೊಟ್ಟಿದ್ದಾರೆ. ಬ್ಯಾಂಕಾಕ್‌ನ ಬಹಳ ಮನೆತನಗಳಿಗೆ ಚೀನಾದ ಬೇರಿದೆ. ಈ ಹೋಲಿಕೆ ವಿಚಿತ್ರವೇನಲ್ಲ.

ಇಂಥ ಜೀನಿನ ಒಂದು ಪ್ರತಿ ತಂದೆಯಿಂದ, ಒಂದು ತಾಯಿಯಿಂದ ಬರುತ್ತದೆ. ಒಂದೇ ಪ್ರತಿ ಕೆಟ್ಟಿದ್ದರೆ ಮನುಷ್ಯ ಆರಾಮಾಗಿ ಓಡಾಡಿಕೊಂಡಿರುತ್ತಾನೆ. ಎಷ್ಟೋ ಜನರಿಗೆ ಆಯುಷ್ಯವಿಡೀ ಏನೂ ಆಗುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ತೀವ್ರವಾಗಿ ಕೆಟ್ಟ ಪ್ರತಿ ಬಂದ ಶಿಶುವಿಗೆ ಮಾತ್ರ ಹುಟ್ಟಿದ ಕೆಲವೇ ದಿನಗಳಲ್ಲಿ ಚರ್ಮದ ಮೇಲೆ ನೇರಳೆ ಕಪ್ಪು ಕಲೆಗಳೆದ್ದು ಪ್ರಾಣಾಪಾಯವಾಗುತ್ತದೆ. ಅದು ತೀರಾ ವಿರಳ.

ಸೊಸೆಗೆ ಈ ದೋಷ ಇದ್ದೇ ಇದೆ ಎಂದು ನಾವು ಹೇಳುತ್ತಿಲ್ಲ. ಯಾವ ಜೀನಿನ ನೆರವೂ ಇಲ್ಲದೆ ಹೆಪ್ಪು ಕಟ್ಟಲು ಬಾಣಂತನವೊಂದೇ ಸಾಕು. ಬಸಿರಿನಲ್ಲಿ ಪ್ರೋಟೀನ್ ಎಸ್ ತಾನಾಗಿಯೇ ಇಳಿಯುತ್ತದೆ. ಹೆರಿಗೆಯಾದ ಮೊದಲ ಆರು ವಾರ ಅಪಾಯ ಅತಿ ಹೆಚ್ಚು, ಸಿಸೇರಿಯನ್ ಆಗಿದ್ದರೆ ಇನ್ನಷ್ಟು. ಬಸುರಿಯರಲ್ಲಿ, ಬಾಣಂತಿಯರಲ್ಲಿ ಬಾಯುವುದು ಹೆಚ್ಚಾಗಿ ಎಡಗಾಲೇ. ಆ ಕಾಲಿನಿಂದ ಬರುವ ದೊಡ್ಡ ರಕ್ತನಾಳ ಹೊಟ್ಟೆಯೊಳಗೆ ಧಮನಿಯ ಕೆಳಗೆ ಹಾದು ಒತ್ತಿಕೊಂಡಿರುತ್ತದೆ. ಥಾಯ್ಲೆಂಡಿನಲ್ಲೂ ನಮ್ಮಂತೆ ಬಾಣಂತಿಯನ್ನು ಬೆಂಕಿಯ ಬಳಿ ಬೆಚ್ಚಗೆ ಮಲಗಿಸುವ ಹಳೆಯ ಪದ್ಧತಿಯಿದೆ, ‘ಯೂ ಫೈ’ ಎನ್ನುತ್ತಾರೆ. ಬೆಚ್ಚಗಿರುವುದಕ್ಕೆ ನಮ್ಮ ತಕರಾರಿಲ್ಲ. ಕಾಲು ನೆಲಕ್ಕೆ ತಾಕಿಸದೆ ದಿನಗಟ್ಟಲೆ ಮಲಗಿಸುವುದಕ್ಕೆ ಇದೆ, ಅದು ಬ್ಯಾಂಕಾಕ್ ಆದರೂ ಸರಿ, ತೀರ್ಥಹಳ್ಳಿಯಾದರೂ ಸರಿ.

ಸೊಸೆಯ ತವರು ಎಲ್ಲಿ ಎಂದು ನೀವು ಬರೆದಿಲ್ಲ. ಈಶಾನ್ಯದ ಇಸಾನ್ ಕಡೆಯವರಾದರೆ ಇನ್ನೊಂದು ಮಾತು. ಲಾವೋಸ್, ಕಾಂಬೋಡಿಯಾ ಗಡಿಯ ಕೆಲವೆಡೆ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಹಿಮೋಗ್ಲೋಬಿನ್‌ನ ಬದಲಾದ ರೂಪವಾದ ಹಿಮೋಗ್ಲೋಬಿನ್ ಇ ಇದೆ. ಅದೊಂದೇ ಇದ್ದರೆ ಚಿಂತೆಯಿಲ್ಲ. ಹಿಮೋಗ್ಲೋಬಿನ್ ತಯಾರಿಕೆಯನ್ನು ತಗ್ಗಿಸುವ ಬೀಟಾ ಥಲಸ್ಸೀಮಿಯಾ ಜೀನೂ ಕೂಡಿದರೆ ರಕ್ತಹೀನತೆಯ ಜೊತೆಗೆ ಕೆಂಪುಕಣಗಳ ಹೊರಪದರ ಏರುಪೇರಾಗಿ ಹೆಪ್ಪಿಗೆ ಪ್ರಚೋದನೆ ಸಿಗುತ್ತದೆ. ಗುಲ್ಮ ತೆಗೆಸಿಕೊಂಡವರಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿ ಗರ್ಭಿಣಿಯರಿಗೆ ಥಲಸ್ಸೀಮಿಯಾ ತಪಾಸಣೆ ಮಾಮೂಲು. ಹಳೆಯ ಫೈಲಿನಲ್ಲೇ ಉತ್ತರ ಇರಬಹುದು.

ಇನ್ನು ಪ್ರೋಟೀನ್ ಸಿ, ಎಸ್ ಅಳೆಸುವುದಾದರೆ ಈಗ ಬೇಡ. ವಾರ್ಫರಿನ್ ಇವೆರಡನ್ನೂ ಇಳಿಸುತ್ತದೆ. ಈಗ ಅಳೆದರೆ ಇಲ್ಲದ ದೋಷ ಕಾಣಿಸೀತು. ಚಿಕಿತ್ಸೆ ಮುಗಿದು ಮಾತ್ರೆ ನಿಂತು ಕೆಲವು ವಾರ ಕಳೆಯಲಿ. ಪ್ರಮಾಣ ಎಷ್ಟಿದೆ ಎಂಬುದಷ್ಟೇ ಅಲ್ಲ, ಅದು ಕೆಲಸ ಮಾಡುತ್ತದೆಯೇ ಎಂದೂ ನೋಡುವ ಪರೀಕ್ಷೆಯನ್ನು ಕೇಳಬೇಕು. ಮುಂದಿನ ಬಸಿರಿನ ಹೊತ್ತಿಗೆ, ಗರ್ಭನಿರೋಧಕ ಮಾತ್ರೆ ಆರಿಸುವ ಹೊತ್ತಿಗೆ ಆ ಉತ್ತರ ಬೇಕಾಗುತ್ತದೆ. ಈಸ್ಟ್ರೋಜನ್ ಇರುವ ಮಾತ್ರೆಯನ್ನಂತೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ಮೂರು ಮಿಲಿಗ್ರಾಂ ಪ್ರಶ್ನೆಗೆ ಬರೋಣ. ನಿಮ್ಮ ಬರವಣಿಗೆಯಲ್ಲಿ ಬ್ಯಾಂಕಾಕಿನ ವೈದ್ಯರು ಜಿಪುಣರೇನೋ ಎಂಬ ಧ್ವನಿಯಿದೆ. ಹಾಗಲ್ಲ. ವಾರ್ಫರಿನ್ ತಡೆಯುವುದು ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಕಿಣ್ವವನ್ನು. ಅದನ್ನು ತಯಾರಿಸುವ ಜೀನಿನ ಹೆಸರು ವಿಕೆಒಆರ್‌ಸಿ1. ಇದರ ಒಂದು ರೂಪದಲ್ಲಿ ಕಿಣ್ವ ಕಡಿಮೆ ತಯಾರಾಗುತ್ತದೆ, ಹಾಗಾಗಿ ಸ್ವಲ್ಪ ಮಾತ್ರೆಯೇ ಸಾಕು. ಥಾಯ್ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರತಿಗಳು ಈ ರೂಪದವು. ಯುರೋಪಿನವರಲ್ಲಿ ಸುಮಾರು ಶೇ. 40, ದಕ್ಷಿಣ ಭಾರತದವರಲ್ಲಿ ಅದಕ್ಕಿಂತಲೂ ಬಹಳ ಕಡಿಮೆ. ನಿಮ್ಮ ಮನೆಯವರಿಗೆ ಸರಿಹೋಗುವ ಅಳತೆ ಸೊಸೆಗೆ ಕೊಟ್ಟರೆ ಮೂಗು, ವಸಡು, ಹೊಟ್ಟೆಯೊಳಗೆ ರಕ್ತ ಸೋರೀತು. ಮೇಲಾಗಿ ಕೃತಕ ಕವಾಟದವರಿಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಅಳತೆ) ಗುರಿ ಎಷ್ಟೋ ಸಲ ಹೆಚ್ಚಿರುತ್ತದೆ. ಕಾಲಿನ ಹೆಪ್ಪಿಗೆ 2ರಿಂದ 3ರ ನಡುವೆ ಇದ್ದರಾಯಿತು. ಆದ್ದರಿಂದ ಫೋನಿನಲ್ಲಿ ಮಿಲಿಗ್ರಾಂ ಲೆಕ್ಕ ಕೇಳಬೇಡಿ, ಐಎನ್‌ಆರ್ ಎಷ್ಟು ಬಂತು ಎಂದು ಕೇಳಿ.

ಮೊಮ್ಮಗುವಿಗೆ ಈಗ ಯಾವ ಪರೀಕ್ಷೆಯೂ ಬೇಡ. ಎಳೆಗೂಸುಗಳಲ್ಲಿ ಪ್ರೋಟೀನ್ ಸಿ ಸಹಜವಾಗಿಯೇ ಕಡಿಮೆ, ದೊಡ್ಡವರ ಮಟ್ಟಕ್ಕೆ ಬರಲು ವರ್ಷಗಳು ಬೇಕು. ಮೊದಲು ತಾಯಿಯ ಫಲಿತಾಂಶ ಬರಲಿ. ದೋಷ ಸಿಕ್ಕರೆ ಅದು ಮಗುವಿಗೆ ಇಳಿದಿರುವ ಸಾಧ್ಯತೆ ಅರ್ಧಕ್ಕರ್ಧ. ಆಗ ಸೊಸೆಯ ಅಕ್ಕತಂಗಿಯರಿಗೂ, ಅದರಲ್ಲೂ ಮದುವೆಯಾಗಿ ಮಕ್ಕಳ ಯೋಚನೆಯಲ್ಲಿರುವವರಿಗೆ, ವಿಷಯ ತಿಳಿಸಬೇಕು.

– ಸಂಪಾದಕ